ತೀರವನ್ನು ದಾಟಿದ ಚಂಡಮಾರುತ: ಗಾಳಿ, ಮಳೆ, ನೆರೆಗಳನ್ನು ಗಮನಿಸತಕ್ಕ ಕ್ರಮ

ಚಂಡಮಾರುತವು ಸಮುದ್ರತೀರವನ್ನು ದಾಟಿ ಭೂಮಿಯ ಮೇಲೆ ಬಂದು ದುರ್ಬಲವಾಯಿತೆಂಬ ವರ್ತಮಾನವನ್ನು ಕೇಳಿದೊಡನೆ ಒಳನಾಡಿನ ಜನರಲ್ಲಿ ಅನೇಕರು ಅಪಾಯವು ತೀರಿತೆಂದು ನೆಮ್ಮದಿಯನ್ನು ಹೊಂದುವರು. ಈ ಭಾವನೆಯು ಅರ್ಧಮಾತ್ರ ಸರಿಯಾದುದು. ತೀರವನ್ನು ದಾಟಿದ ಮೇಲೆ ಬೇಗನೆ ಕುಗ್ಗತಕ್ಕುದು ಗಾಳಿಯೇ ಹೊರತು ಮಳೆಯಲ್ಲ. ಮಳೆಯು ಎರಡು ಮೂರು ದಿನಗಳವರೆಗೆ ಒಳನಾಡಿನಲ್ಲಿ ಸುರಿಯಬಹುದು. ಆ ಮಳೆಯಿಂದುಂಟಾದ ನೆರೆಯಾದರೋ ಆಕಾಶವು ತಿಳಿಯಾದ ಬಳಿಕವೂ ಕೆರೆಕಟ್ಟೆಗಳ ಮೂಲಕ ಇಳಿಯುತ್ತ ಬಂದು, ಮಳೆಯೇ ಇಲ್ಲದ ಊರನ್ನು ಮುಟ್ಟಬಹುದು. ಆದಕಾರಣ ಗಾಳಿ, ಮಳೆ, ನೆರೆ ಈ ಮೂರಕ್ಕೂ ಬೇರೆ ಬೇರೆ ಕಾಲಾವಧಿಗಳುಂಟೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಚೆನ್ನಾಗಿ ತಿಳಿದಿರತಕ್ಕದ್ದು. ಇವುಗಳನ್ನು ಒಂದೊಂದಾಗಿ ಗಮನಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗಾಳಿಯು ಕುಗ್ಗುವುದೂ ಮಳೆಯು ಉಳಿಯುವುದೂ ಏಕೆ?

ಚಂಡಮಾರುತಕ್ಕೆ ಆಹಾರವು ಬೆಚ್ಚಗಿನ ಸಮುದ್ರದ ನೀರು. ಸುಮಾರು 26 ಡಿಗ್ರಿ ಸೆಲ್ಸಿಯಸಿಗಿಂತ ಹೆಚ್ಚಾಗಿ ಕಾದ ನೀರಿನ ಮೇಲೆ ಹುಟ್ಟಿದ ಆವಿಯು ಮೇಲೇರಿ ಮೋಡವಾಗಿ ತಣಿಯುವಾಗ, ಅದರಲ್ಲಡಗಿದ್ದ ಶಾಖವು ಹೊರಬಿದ್ದು ಗಾಳಿಯ ಸುಳಿಯನ್ನು ನಡೆಸುವುದು. ಸುಳಿಯು ಭೂಮಿಯ ಮೇಲೆ ಬಂದೊಡನೆ ಈ ಆಹಾರವು ತಪ್ಪಿಹೋಗುವುದು. ಮರಗಿಡಗಳು, ಕಟ್ಟಡಗಳು, ಗುಡ್ಡಗಳು ಗಾಳಿಯನ್ನು ತಡೆಯುವುವು. ಆದ್ದರಿಂದ ಕೆಲವು ಗಂಟೆಗಳಲ್ಲಿಯೇ ಅದರ ವೇಗವು ಇಳಿಯುವುದು. ಆದರೆ ನೂರಾರು ಕಿಲೋಮೀಟರು ವಿಸ್ತಾರದ ಮೋಡಗಳಲ್ಲಿ ಆಗಲೇ ತುಂಬಿರುವ ಆವಿಯು ಎಲ್ಲಿಗೂ ಹೋಗುವುದಿಲ್ಲ. ಅದು ಎಲ್ಲಿಯಾದರೂ ಮಳೆಯಾಗಿ ಬೀಳಲೇಬೇಕು. ಸುಳಿಯು ನಿಧಾನವಾಗಿ ಚಲಿಸಿದರೆ ಒಂದೇ ಕಡೆ ಬಹಳ ಮಳೆ ಬೀಳುವುದು. ಬೆಟ್ಟಗಳ ಸಾಲು ಅಡ್ಡವಾದರೆ ಗಾಳಿಯು ಮೇಲೇರಿ ಮತ್ತಷ್ಟು ಮಳೆಯನ್ನು ಸುರಿಸುವುದು. ಆದಕಾರಣ ಗಾಳಿಯ ರಭಸವನ್ನು ನೋಡಿ ಮಳೆಯ ಪ್ರಮಾಣವನ್ನು ಊಹಿಸಕೂಡದು. ನಮ್ಮ ಕಡೆಯ ಚಂಡಮಾರುತವೂ ಅಮೆರಿಕದವರು ಹರಿಕೇನ್ ಎಂದು ಕರೆಯುವ ಬಿರುಗಾಳಿಯೂ ಮೂಲತಃ ಒಂದೇ ಜಾತಿಯವು. ಸಮುದ್ರವು ಬೇರೆಯಾದುದರಿಂದ ಹೆಸರು ಬೇರೆಯಾಗಿದೆ.

ಅಮೆರಿಕ ದೇಶದ ಎರಡು ನಿದರ್ಶನಗಳು

2017ನೆಯ ಇಸವಿ ಆಗಸ್ಟ್ 25ರ ರಾತ್ರಿ ಹಾರ್ವಿ ಎಂಬ ಹರಿಕೇನ್ ಗಂಟೆಗೆ ಸುಮಾರು 210 ಕಿಲೋಮೀಟರು ವೇಗದ ಗಾಳಿಯೊಡನೆ ಟೆಕ್ಸಾಸ್ ಪ್ರಾಂತದ ತೀರವನ್ನು ಹೊಕ್ಕಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದರ ಗಾಳಿಯು ಹರಿಕೇನಿನ ಮಟ್ಟದಿಂದ ಕೆಳಗಿಳಿದಿತ್ತು. ಆದರೆ ಅದು ಮುಂದಕ್ಕೆ ಸರಿಯದೆ ಅದೇ ಪ್ರದೇಶದಲ್ಲಿ ದಿನಗಟ್ಟಲೆ ಸುಳಿದಾಡಿತು. ನೆಡರ್‌ಲ್ಯಾಂಡ್ ಎಂಬ ಊರಿನ ಬಳಿ ಒಟ್ಟು ಸುಮಾರು 154 ಸೆಂಟಿಮೀಟರು ಮಳೆ ಬಿದ್ದಿತು. ಇದು ನಮ್ಮ ಕೋಲಾರ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಎರಡು ವರ್ಷಗಳಲ್ಲಿ ಬೀಳತಕ್ಕ ಮಳೆಗೆ ಸಮಾನವಾದುದು. ಹ್ಯೂಸ್ಟನ್ ಮಹಾನಗರವು ಮುಳುಗಿದುದು ಗಾಳಿಯಿಂದಲ್ಲ, ಈ ಮಳೆಯಿಂದ.

2024ನೆಯ ಇಸವಿ ಸೆಪ್ಟೆಂಬರ್ 26ರ ರಾತ್ರಿ ಫ್ಲಾರಿಡಾ ತೀರವನ್ನು ದಾಟಿದ ಹೆಲೀನ್ ಎಂಬ ಹರಿಕೇನ್ ಇನ್ನೊಂದು ಪಾಠವನ್ನು ಕಲಿಸಿತು. ತೀರದಿಂದ ಸುಮಾರು 600 ಕಿಲೋಮೀಟರು ದೂರದಲ್ಲಿ ಬೆಟ್ಟಗಳ ನಡುವೆ ಇರುವ ಆಶ್‌ವಿಲ್ ಪಟ್ಟಣದ ಸುತ್ತಮುತ್ತ ಬಿರುಗಾಳಿಯು ಬರುವುದಕ್ಕೆ ಮುಂಚೆಯೇ ಬೇರೊಂದು ಮಳೆಯು ಸುರಿದು ನೆಲವು ನೆನೆದಿತ್ತು. ಅದರ ಮೇಲೆ ಹೆಲೀನಿನ ಮಳೆಯು ಬಿದ್ದಿತು. ಬೆಟ್ಟದ ಒಂದು ಠಾಣೆಯಲ್ಲಿ ಮೂರು ದಿನಗಳಲ್ಲಿ 78 ಸೆಂಟಿಮೀಟರು ಮಳೆಯು ದಾಖಲೆಯಾಯಿತು. ನೆನೆದ ನೆಲವು ನೀರನ್ನು ಹೀರದೆ ಹೋದುದರಿಂದ ಆ ಪಟ್ಟಣದ ಹೊಳೆಯು 1916ನೆಯ ಇಸವಿಯ ಪ್ರಸಿದ್ಧವಾದ ನೆರೆಯ ಗುರುತನ್ನೂ ಮೀರಿ ಹರಿಯಿತು. ಸಮುದ್ರವನ್ನೇ ಕಾಣದ ಈ ಬೆಟ್ಟದ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಜನರು ಮೃತರಾದರು. ಆ ದೇಶದಲ್ಲಿ 1963ರಿಂದ 2012ರವರೆಗೆ ಇಂತಹ ಬಿರುಗಾಳಿಗಳಿಂದ ನೇರವಾಗಿ ಸತ್ತವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಜನರು ನೀರಿನಿಂದಲೇ ಸತ್ತರೆಂದು ಲೆಕ್ಕ ಹಾಕಿರುವರು.

ನಮ್ಮ ನೆರೆಯಲ್ಲಿ ನಡೆದುದು

ಇವು ದೂರದೇಶದ ಸಂಗತಿಗಳೆಂದು ಕಡೆಗಣಿಸುವ ಹಾಗಿಲ್ಲ. ಅದೇ 2024ನೆಯ ಇಸವಿ ನವೆಂಬರ್ 30ರ ರಾತ್ರಿ ಫೆಂಗಲ್ ಎಂಬ ಚಂಡಮಾರುತವು ಪುದುಚೇರಿಯ ಸಮೀಪದಲ್ಲಿ ತೀರವನ್ನು ದಾಟಿತು. ಆಗ ಗಾಳಿಯ ವೇಗವು ಗಂಟೆಗೆ 70ರಿಂದ 80 ಕಿಲೋಮೀಟರು ಮಾತ್ರ. ಚಂಡಮಾರುತಗಳ ಪೈಕಿ ಇದು ಸಾಧಾರಣವಾದುದು. ಆದರೆ ದಾಟಿದ ಮೇಲೆ ಅದು ಅನೇಕ ಗಂಟೆಗಳ ಕಾಲ ಅಲ್ಲಿಯೇ ನಿಂತಂತಾಗಿ, ಪುದುಚೇರಿಯಲ್ಲಿ ಒಂದೇ ದಿನಕ್ಕೆ ಅರ್ಧ ಮೀಟರಿಗೆ ಸಮೀಪವಾದ ಮಳೆಯನ್ನು ಸುರಿಸಿತು. ಡಿಸೆಂಬರ್ 1ರಂದು ಅದು ಚಂಡಮಾರುತವೆಂಬ ಹೆಸರನ್ನೂ ಕಳೆದುಕೊಂಡು ವಾಯುಭಾರ ಕುಸಿತದ ಮಟ್ಟಕ್ಕೆ ಇಳಿಯಿತು. ಹಾಗೆ ಇಳಿದ ಮೇಲೆಯೇ, ತೀರದಿಂದ ಸುಮಾರು 145 ಕಿಲೋಮೀಟರು ಒಳಗಿರುವ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ, ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ ಒಂದು ದಿನದಲ್ಲಿ, ಸುಮಾರು 50 ಸೆಂಟಿಮೀಟರು ಮಳೆಯಾಯಿತು. ಊತಂಗರೆಯು ಕೋಲಾರದ ಚಿನ್ನದ ಗಣಿಗಳ ಪ್ರದೇಶದಿಂದ ನೇರವಾಗಿ ನೂರು ಕಿಲೋಮೀಟರಿನೊಳಗೇ ಇರುವುದೆಂಬುದನ್ನು ಓದುಗರು ಗಮನಿಸಬೇಕು. ಸುಳಿಯ ದಾರಿಯು ಸ್ವಲ್ಪ ಉತ್ತರಕ್ಕೆ ಸರಿದಿದ್ದರೆ ಆ ಮಳೆಯು ನಮ್ಮ ಕೆರೆಗಳ ಮೇಲೆಯೇ ಬೀಳಬಹುದಾಗಿದ್ದಿತು.

ಈ ಮಳೆಯ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿತು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ನದಿಯು ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎಂಬ ಹೆಸರಿನಿಂದ ಹರಿದು ಕಡಲೂರಿನ ಬಳಿ ಸಮುದ್ರವನ್ನು ಸೇರುವುದು. ಇದಕ್ಕೆ ಅಡ್ಡಲಾಗಿ ಕಟ್ಟಿರುವ ಸಾತನೂರು ಜಲಾಶಯವು ತುಂಬಿದುದರಿಂದ ಡಿಸೆಂಬರ್ 2ರ ಬೆಳಗಿನ ಜಾವದಲ್ಲಿ ಸೆಕೆಂಡಿಗೆ ಸುಮಾರು 1,68,000 ಘನ ಅಡಿಗಳಷ್ಟು ನೀರನ್ನು ಹೊರಕ್ಕೆ ಬಿಡಬೇಕಾಯಿತು. ವಿಲ್ಲುಪುರಂ ಮತ್ತು ಕಡಲೂರು ಜಿಲ್ಲೆಗಳ ಗ್ರಾಮಗಳು ಮುಳುಗಿದುವು. ಹೆದ್ದಾರಿಯೂ ರೈಲುಮಾರ್ಗವೂ ಕಡಿದುವು. ಮೊದಲು ಗಾಳಿಯನ್ನೂ ಮಳೆಯನ್ನೂ ತೀರದಲ್ಲಿ ಅನುಭವಿಸಿದ ಜನರೇ ಗಾಳಿಯು ಅಡಗಿದ ಮೇಲೆ ಒಳನಾಡಿನಿಂದ ಹಿಂದಿರುಗಿ ಬಂದ ನೀರಿಗೆ ಸಿಕ್ಕಿದರು. ಇತ್ತ ಸುಳಿಯ ಅವಶೇಷವು ಪಶ್ಚಿಮಕ್ಕೆ ಸಾಗಿ, ಡಿಸೆಂಬರ್ 3ರಂದು ಅರಬ್ಬೀ ಸಮುದ್ರವನ್ನು ಸೇರುವವರೆಗೆ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿಯೂ ಕರಾವಳಿಯಲ್ಲಿಯೂ ಮಳೆಯನ್ನು ಸುರಿಸಿತು. ಅದು ಮೈದಾನ ಸೀಮೆಯಲ್ಲಿ ರಾಗಿಯ ಕೊಯ್ಲು, ಮಲೆನಾಡಿನಲ್ಲಿ ಕಾಫಿಯ ಹಣ್ಣು ಬಿಡಿಸುವ ಕಾಲ.

ಹೆಸರಿಲ್ಲದ ಸುಳಿಯೂ ಅಷ್ಟೇ ಹಾನಿಕರವಾಗಬಹುದು. 2021ನೆಯ ಇಸವಿ ನವೆಂಬರ್ 19ರ ಬೆಳಗಿನ ಜಾವ ಪುದುಚೇರಿಗೂ ಚೆನ್ನೈಗೂ ನಡುವೆ ತೀರವನ್ನು ದಾಟಿದುದು ಬರಿಯ ವಾಯುಭಾರ ಕುಸಿತ. ಅದಕ್ಕೆ ಹೆಸರನ್ನು ಇಟ್ಟಿರಲಿಲ್ಲ. ಅದರ ಮಳೆಯಿಂದ ಅದೇ ದಿನ ಕಡಪ ಜಿಲ್ಲೆಯಲ್ಲಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟೆಯು ಒಡೆದು ಕೆಳಗಣ ಗ್ರಾಮಗಳಲ್ಲಿ ಪ್ರಾಣಹಾನಿಯಾಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ತೆನೆಗೂಡಿದ ರಾಗಿಯು ನೆಲಕ್ಕೊರಗಿ ಹಾಳಾಯಿತು.

ಮೊದಲನೆಯದಾಗಿ ಗಾಳಿ

ಭಾರತ ಹವಾಮಾನ ಇಲಾಖೆಯವರು ಗಾಳಿಯ ವೇಗವನ್ನನುಸರಿಸಿ ಸುಳಿಗಳಿಗೆ ದರ್ಜೆಗಳನ್ನು ಗೊತ್ತುಮಾಡಿರುವರು. ಗಂಟೆಗೆ 31ರಿಂದ 49 ಕಿಲೋಮೀಟರಿನವರೆಗೆ ವಾಯುಭಾರ ಕುಸಿತವೆಂದೂ, 50ರಿಂದ 61ರವರೆಗೆ ತೀವ್ರ ವಾಯುಭಾರ ಕುಸಿತವೆಂದೂ, 62ರಿಂದ 88ರವರೆಗೆ ಚಂಡಮಾರುತವೆಂದೂ, ಅದಕ್ಕೆ ಮೇಲ್ಪಟ್ಟು ತೀವ್ರ ಚಂಡಮಾರುತ ಮೊದಲಾದುವೆಂದೂ ಹೇಳುವರು. ಈ ದರ್ಜೆಗಳು ಗಾಳಿಯನ್ನು ಮಾತ್ರ ತಿಳಿಸುವುವು, ಮಳೆಯನ್ನು ತಿಳಿಸುವುದಿಲ್ಲ. "ದುರ್ಬಲವಾಯಿತು" ಎಂದು ಪ್ರಕಟಣೆಯಲ್ಲಿ ಬಂದರೆ ದರ್ಜೆಯು ಇಳಿಯಿತೆಂದಷ್ಟೇ ಅರ್ಥ.

ಸುಳಿಯು ಯಾವ ದಿಕ್ಕಿನಲ್ಲಿದೆಯೆಂಬುದನ್ನು ಗ್ರಾಮದಲ್ಲಿಯೇ ಸ್ಥೂಲವಾಗಿ ತಿಳಿಯಬಹುದು. ಬಯಲಿನಲ್ಲಿ ಗಾಳಿಗೆ ಬೆನ್ನುಕೊಟ್ಟು ನಿಂತರೆ ಸುಳಿಯ ಕೇಂದ್ರವು ಎಡಗೈ ಕಡೆಗೆ, ಸ್ವಲ್ಪ ಮುಂದಕ್ಕೆ ಇರುವುದು. ಸುಳಿಯು ಪೂರ್ವತೀರದಲ್ಲಿರುವಾಗ ನಮ್ಮ ಪೂರ್ವದ ಜಿಲ್ಲೆಗಳಲ್ಲಿ ಬಡಗಣ ಗಾಳಿಯು ಬೀಸುವುದು. ಅನಂತರ ಗಾಳಿಯು ಬಡಗಲಿನಿಂದ ಮೂಡಲಿಗೂ, ಮೂಡಲಿನಿಂದ ತೆಂಕಲಿಗೂ ತಿರುಗಿದರೆ ಕೇಂದ್ರವು ನಮಗೆ ದಕ್ಷಿಣದಲ್ಲಿ ಹಾದುಹೋಗುತ್ತಿದೆಯೆಂದು ತಿಳಿಯಬೇಕು. ಬಡಗಲಿನಿಂದ ಪಡುವಲಿಗೆ ತಿರುಗಿದರೆ ಉತ್ತರದಲ್ಲಿ ಹಾದುಹೋಗುತ್ತಿದೆಯೆಂದು ಅರ್ಥ. ಗಾಳಿಯ ದಿಕ್ಕು ಬಹಳ ಹೊತ್ತು ಬದಲಾಗದೆ ಮಳೆಯೂ ನಿಲ್ಲದಿದ್ದರೆ ಸುಳಿಯು ನಿಧಾನವಾಗಿರಬಹುದೆಂದು ಎಣಿಸಿ ಹೆಚ್ಚು ಎಚ್ಚರಿಕೆಯಿಂದಿರತಕ್ಕದ್ದು. ಗುಡ್ಡಗಳ ಸಂದಿನಲ್ಲಿಯೂ, ಗಾಳಿಯು ಬಹು ಮಂದವಾಗಿರುವಾಗಲೂ ಈ ಪರೀಕ್ಷೆಯು ಮೋಸಮಾಡುವುದುಂಟು. ಆದುದರಿಂದ ಇಲಾಖೆಯ ಪ್ರಕಟಣೆಯೊಡನೆ ಹೋಲಿಸಿ ನೋಡಬೇಕೇ ಹೊರತು ಇದನ್ನೇ ನಂಬಕೂಡದು.

ಎರಡನೆಯದಾಗಿ ಮಳೆ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನವೆಂದರೆ ಬೆಳಿಗ್ಗೆ ಎಂಟೂವರೆ ಗಂಟೆಯಿಂದ ಮರುದಿನ ಎಂಟೂವರೆ ಗಂಟೆಯವರೆಗೆ. ಈ ಅವಧಿಯಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಬಿದ್ದರೆ ಭಾರಿ ಮಳೆ, 204.4ರವರೆಗೆ ಅತಿ ಭಾರಿ ಮಳೆ. ಅದನ್ನು ಮೀರಿದರೆ ಅತ್ಯಂತ ಭಾರಿ ಮಳೆ. ಎಚ್ಚರಿಕೆಯನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಂದ ಸೂಚಿಸುವರು. ಹಳದಿ ಬಂದರೆ ಗಮನವಿಡಬೇಕು; ಕಿತ್ತಳೆ ಬಂದರೆ ಸಿದ್ಧರಾಗಬೇಕು; ಕೆಂಪು ಬಂದರೆ ಕಾರ್ಯಕ್ಕಿಳಿಯಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಸ್ಥಾಪಿಸಿರುವರು. ಅವರ ವರದಿಗಳಿಂದ ಮೇಲುಸೀಮೆಯ ಮಳೆಯನ್ನು ತಿಳಿದುಕೊಳ್ಳಬಹುದು.

ಮಾಪಕವಿಲ್ಲದೆಡೆಯಲ್ಲಿ ನೆಟ್ಟನೆಯ ಗೋಡೆಯ, ಸಮತಳವುಳ್ಳ ಡಬ್ಬಿಯೊಂದನ್ನು ಮರ, ಮಾಡುಗಳಿಂದ ದೂರವಾಗಿ ಬಯಲಿನಲ್ಲಿಟ್ಟು, ನಿಂತ ನೀರಿನ ಆಳವನ್ನು ಅಳತೆಯ ಪಟ್ಟಿಯಿಂದ ನೋಡಿದರೆ ಸಾಕು. ಆಳವು ಎಷ್ಟು ಸೆಂಟಿಮೀಟರೋ ಮಳೆಯು ಅಷ್ಟೇ. ಸುಳಿಯ ಕಾಲದಲ್ಲಿ ದಿನಕ್ಕೊಮ್ಮೆ ನೋಡಿದರೆ ಸಾಲದು. ಮೂರು ಗಂಟೆಗೊಮ್ಮೆ ನೋಡಿ ಬರೆಯತಕ್ಕದ್ದು.

ಬಿದ್ದ ಮಳೆಯು ಕೆರೆಗೆ ಏನು ಮಾಡುವುದೆಂಬುದಕ್ಕೆ ಒಂದು ಸುಲಭವಾದ ಲೆಕ್ಕವುಂಟು. ಒಂದು ಕೆರೆಗೆ ನೀರು ಹರಿದುಬರುವ ಜಲಾನಯನ ಭೂಮಿಯು 1,000 ಎಕರೆ. ಕೆರೆಯ ನೀರು ಹರಡಿರುವ ಅಂಗಳವು 50 ಎಕರೆ ಎಂದಿಟ್ಟುಕೊಳ್ಳೋಣ. 10 ಸೆಂಟಿಮೀಟರು ಮಳೆ ಬಿದ್ದು ಅದರಲ್ಲಿ ಅರ್ಧವು ನೆಲಕ್ಕಿಂಗಿ ಅರ್ಧವು ಹರಿದು ಬಂದರೆ, 1,000ವನ್ನು 5ರಿಂದ ಗುಣಿಸಿ 50ರಿಂದ ಭಾಗಿಸಬೇಕು. ಬಂದ ಲಬ್ಧವು 100 ಸೆಂಟಿಮೀಟರು. ಎಂದರೆ ಕೋಡಿ ಹರಿಯದಿದ್ದರೆ ಕೆರೆಯ ಮಟ್ಟವು ಒಂದು ಮೀಟರು ಏರುವುದು. ನೆಲವು ಮೊದಲೇ ನೆನೆದಿದ್ದು ಮುಕ್ಕಾಲು ಪಾಲು ಹರಿದು ಬಂದರೆ ಒಂದೂವರೆ ಮೀಟರು ಏರುವುದು. ಹಿಂಗಾರಿನ ಕೊನೆಯಲ್ಲಿ ತುಂಬಿರುವ ಕೆರೆಗೆ ಇದು ಎಂತಹ ಭಾರವೆಂಬುದನ್ನು ಹೇಳಬೇಕಾದುದಿಲ್ಲ. ಪ್ರತಿಯೊಬ್ಬ ಮುಖಂಡರೂ ತಮ್ಮ ಊರ ಕೆರೆಯ ಈ ಎರಡು ಅಂಕಿಗಳನ್ನು ವಿಚಾರಿಸಿ ಮುಂಚಿತವಾಗಿಯೇ ಬರೆದಿಟ್ಟುಕೊಂಡಿರುವುದು ಯುಕ್ತ.

ಮೂರನೆಯದಾಗಿ ನೆರೆ

ನಮ್ಮ ಮೈದಾನ ಸೀಮೆಯ ಕೆರೆಗಳು ಸರಪಣಿಯಂತೆ ಒಂದರ ಕೆಳಗೊಂದಾಗಿವೆ. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಗೆ ಬರುವುದು. ಮೇಲೊಂದು ಏರಿ ಒಡೆದರೆ ಆ ನೀರೆಲ್ಲವೂ ಒಮ್ಮೆಗೇ ಇಳಿದು ಕೆಳಗಣ ಏರಿಗಳನ್ನೂ ಕೊಚ್ಚಿಕೊಂಡು ಹೋಗಬಹುದು. ಆದುದರಿಂದ ತನ್ನ ಊರಿನ ಮಳೆಯನ್ನು ಮಾತ್ರ ನೋಡಿ ಸುಮ್ಮನಿರತಕ್ಕುದಲ್ಲ. ಮೇಲಿನ ಊರಿನವರಿಂದ ಮೂರು ಸಂಗತಿಗಳನ್ನು ಆಗಾಗ ವಿಚಾರಿಸಬೇಕು: ಅಲ್ಲಿ ಎಷ್ಟು ಮಳೆಯಾಯಿತು, ಕೆರೆಯು ಕೋಡಿಗೆ ಎಷ್ಟು ಕೆಳಗಿದೆ, ಅಥವಾ ಕೋಡಿಯ ಮೇಲೆ ಎಷ್ಟು ಆಳ ಹರಿಯುತ್ತಿದೆ, ಅಲ್ಲಿಯ ನೀರು ತಮ್ಮ ಊರನ್ನು ಮುಟ್ಟಲು ಎಷ್ಟು ಗಂಟೆ ಹಿಡಿಯುವುದು. ಮೂರನೆಯದು ಹಿಂದಿನ ನೆರೆಗಳನ್ನು ಕಂಡ ವೃದ್ಧರಿಗೂ ನೀರುಗಂಟಿಗಳಿಗೂ ತಿಳಿದಿರುವುದು. ಅದನ್ನು ಕೇಳಿ ಬರೆದಿಡಬೇಕು. ನದಿಯ ದಡದ ಗ್ರಾಮದವರು ಮೇಲಿನ ಜಲಾಶಯದಿಂದ ನೀರು ಬಿಡುವ ಪ್ರಕಟಣೆಯನ್ನು ರಾತ್ರಿಯಲ್ಲಿಯೂ ಕೇಳುವ ಏರ್ಪಾಡು ಮಾಡಿಕೊಂಡಿರತಕ್ಕದ್ದು.

ಹಳ್ಳದ ಸೇತುವೆಗೂ ಕೆರೆಯ ತೂಬಿಗೂ ಸೆಂಟಿಮೀಟರಿನ ಗುರುತುಗಳುಳ್ಳ ಅಳತೆಗೋಲನ್ನು ಬಣ್ಣದಿಂದ ಬರೆಯಿಸಿದರೆ ವೆಚ್ಚವು ಅತ್ಯಲ್ಪ, ಪ್ರಯೋಜನವು ಬಹಳ. ಗಂಟೆಗೊಮ್ಮೆ ನೋಡಿ ಬರೆದಲ್ಲಿ ನೀರು ಏರುವ ವೇಗವು ತಿಳಿಯುವುದು. ಮಳೆಯು ನಿಂತ ಮೇಲೂ ಮಟ್ಟವು ಏರುತ್ತಿದ್ದರೆ ನೆರೆಯು ಇನ್ನೂ ದಾರಿಯಲ್ಲಿದೆಯೆಂದು ತಿಳಿಯಬೇಕು. ಸತತವಾಗಿ ಮೂರು ನಾಲ್ಕು ಗಂಟೆ ಇಳಿಯುತ್ತ ಬಂದು, ಮೇಲಿನ ಊರಿನಿಂದಲೂ ಇಳಿತದ ವರ್ತಮಾನವು ಬಂದ ಮೇಲೆಯೇ ಕಾವಲನ್ನು ತೆಗೆಯತಕ್ಕದ್ದು.

ಕಾಲಕ್ಕೆ ತಕ್ಕ ಕಾರ್ಯಗಳು

(1) ಸುಳಿಯು ಇನ್ನೂ ಸಮುದ್ರದಲ್ಲಿರುವಾಗ: ಕೋಡಿಯಲ್ಲಿ ಬೆಳೆದ ಗಿಡಗಂಟೆಗಳನ್ನೂ, ಮೀನಿಗಾಗಿ ಕಟ್ಟಿದ ಬಲೆಗಳನ್ನೂ, ನೀರು ನಿಲ್ಲಿಸಲು ಅಡ್ಡವಾಗಿಟ್ಟ ಕಲ್ಲುಮಣ್ಣನ್ನೂ ತೆಗೆಯಿಸಬೇಕು. ಹೊಲಗಳ ಬಸಿಗಾಲುವೆಗಳನ್ನು ಬಿಡಿಸಬೇಕು. ಪೂರ್ತಿಯಾಗಿ ಬಲಿತ ರಾಗಿಯನ್ನು ಕೊಯ್ದು ಒಣಗಿಸಿ ಸಾಗಿಸುವಷ್ಟು ಕಾಲಾವಕಾಶವಿದ್ದರೆ ಮಾತ್ರ ಕೊಯ್ಯಬೇಕು. ಇಲ್ಲದಿದ್ದರೆ ಕೊಯ್ದು ಅರಿಯಲ್ಲಿ ಬಿಡುವುದಕ್ಕಿಂತ ನಿಂತ ಪೈರಾಗಿಯೇ ಬಿಡುವುದು ಮೇಲು. ಆಗಲೇ ಕೊಯ್ದುದನ್ನು ಎತ್ತರವಾದ ಸ್ಥಳದಲ್ಲಿ ಮೆದೆ ಹಾಕಿ, ಅಡಿಗೆ ಕಟ್ಟಿಗೆಯನ್ನೋ ಕಲ್ಲನ್ನೋ ಹಾಸಿ, ಮೇಲೆ ತಾಡಪಾಲನ್ನು ಹೊದಿಸಿ ಕಟ್ಟಬೇಕು. ಹಸಿಯಾದುದನ್ನು ಒತ್ತಾಗಿ ಮೆದೆ ಹಾಕಕೂಡದು. ಒಳಗೆ ಕಾದು ಕಾಳು ಕೆಡುವುದು.

(2) ಮಳೆಯು ಬೀಳುತ್ತಿರುವಾಗ: ಏರಿಯ ಮೇಲೆ ಹಗಲೂ ರಾತ್ರಿಯೂ ಇಬ್ಬಿಬ್ಬರಂತೆ ಕಾವಲಿರಬೇಕು. ಏರಿಯ ಹಿಂಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಗಮನದಲ್ಲಿಟ್ಟರೆ ಸಾಕು. ಕೆಸರುಬಣ್ಣದ ನೀರು ಬಂದರೆ ಏರಿಯ ಮಣ್ಣು ಒಳಗೇ ಕರಗುತ್ತಿದೆಯೆಂದು ತಿಳಿದು ತತ್‌ಕ್ಷಣವೇ ಸಣ್ಣ ನೀರಾವರಿ ಇಲಾಖೆಗೂ ತಹಶೀಲ್ದಾರರಿಗೂ ಕೆಳಗಿನ ಊರಿಗೂ ತಿಳಿಸತಕ್ಕದ್ದು. ಕೆಳಗಿನವರಿಗೆ ತಿಳಿಸದೆ ತೂಬನ್ನು ತೆರೆಯುವುದಾಗಲಿ ಏರಿಯನ್ನು ಕಡಿಯುವುದಾಗಲಿ ಕೂಡದು. ದನಕರುಗಳನ್ನು ಕಟ್ಟುಬಿಚ್ಚಿ ಎತ್ತರದ ಸ್ಥಳಕ್ಕೆ ಹೊಡೆಯಿಸಬೇಕು. ಹರಿಯುವ ನೀರು ಮೊಣಕಾಲೆತ್ತರವಿದ್ದರೂ ಬಂಡಿ, ಬೈಸಿಕಲ್ಲು, ಮೋಟಾರುಗಳನ್ನು ದಾಟಿಸಗೊಡಿಸಬಾರದು.

(3) ನೀರು ಇಳಿದ ಮೇಲೆ: ನಿಂತ ನೀರನ್ನು ಬಸಿದು, ಒರಗಿದ ರಾಗಿಯ ತೆನೆಗಳು ಮೊಳೆಯುವುದಕ್ಕೆ ಮುಂಚೆ ಕೊಯ್ದು ತೆಳ್ಳಗೆ ಹರಡಿ ಒಣಗಿಸಬೇಕು. ಬೆಳೆ ವಿಮೆಯನ್ನು ಮಾಡಿಸಿರುವ ರೈತರು ಹಾನಿಯನ್ನು 72 ಗಂಟೆಗಳೊಳಗಾಗಿ ತಿಳಿಸಬೇಕಾದುದು ಅತ್ಯಾವಶ್ಯಕ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ, ಕೊಯ್ಲಾದ 14 ದಿನಗಳೊಳಗೆ ಚಂಡಮಾರುತದ ಮಳೆಯಿಂದ ಹಾನಿಯಾದಲ್ಲಿಯೂ, ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮಗಳಲ್ಲಿ ಅವಕಾಶವಿದೆ. ಓದುಬರಹವಿಲ್ಲದ ರೈತರು ಈ ಅವಧಿಯನ್ನು ತಿಳಿಯದೆ ಪರಿಹಾರವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಮುಖಂಡರ ಕರ್ತವ್ಯ. ತಾವು ಬರೆದಿಟ್ಟ ಮಳೆಯ ಮತ್ತು ನೀರಿನ ಮಟ್ಟದ ಲೆಕ್ಕವು ಹಾನಿಯ ವಿಚಾರಣೆಗೆ ಬಂದ ಅಧಿಕಾರಿಗಳಿಗೂ ಸಹಾಯಕವಾಗುವುದು.

ಇದಕ್ಕೆಲ್ಲ ಬೇಕಾದುದು ಒಂದು ಡಬ್ಬಿ, ಒಂದು ಅಳತೆಗೋಲು, ಒಂದು ಪುಸ್ತಕ ಮತ್ತು ಮೇಲಿನ ಕೆಳಗಿನ ಊರುಗಳವರೊಡನೆ ಮಾತುಕತೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳಕೊಲ್ಲಿಯಲ್ಲಿ ಸುಳಿಗಳು ಏಳುವುದು ಪ್ರತಿವರ್ಷದ ಸಂಗತಿಯಾದುದರಿಂದ, ಈ ಸಿದ್ಧತೆಯನ್ನು ಮಹಾನವಮಿಯೊಳಗಾಗಿ ಪೂರೈಸಿಕೊಳ್ಳುವುದು ಮೇಲು. ಗಾಳಿಯು ಅಡಗಿತೆಂದು ಮಳೆಯನ್ನೂ, ಮಳೆಯು ನಿಂತಿತೆಂದು ಹೊಳೆಯನ್ನೂ ಮರೆಯದ ಗ್ರಾಮದಲ್ಲಿ ಬೆಳೆಗೆ ಹಾನಿಯಾದರೂ ಜನರಿಗೂ ದನಗಳಿಗೂ ಹಾನಿಯಾಗುವ ಸಂಭವವು ಕಡಿಮೆ.